ವೈರಿಯ ಅಂಗಿ

ಶೇಂಗಾ ಸುಗ್ಗಿ. ಅಂಗಳದಲ್ಲಿ ಬಳ್ಳಿಯಿಂದ ಕಾಯಿ ಹರಿಯುತ್ತ ಕೂತ ಅತ್ತೆಗೆ ಬೇಸರ ಕಳೆಯಲೆಂದು ಅಳಿಯ ಮೊಬೈಲನ್ನು ಹಿತ್ತಾಳೆ ಸೇರಿಗೆ ಒರಗಿಸಿ ಹಳೆಯ ಯುದ್ಧದ ಸಿನಿಮಾ ಹಚ್ಚಿದ್ದ. ವೈರಿಗಳು ಗುಂಡು ತಿಂದು ಬೀಳುವಲ್ಲಿಗೆ ಬಂದಾಗಲೆಲ್ಲ ಆಕೆ, “ಹಿಂದಕ್ಕ ಒಯ್ರಿ ಅಳಿಯಂದ್ರ,” ಎನ್ನುತ್ತಿದ್ದಳು.

ಕೊನೆಗೆ ಅವನಿಗೆ ರೇಗಿತು. “ಅತ್ತಿ, ಅವರನ್ನ ಎಷ್ಟ ಸಲ ಸಾಯಸ್ತೀರಿ? ಗಡಿಯೊಳಗ ಮಾವನ್ನ ಕೊಂದವರ ಮ್ಯಾಲಿನ ಸಿಟ್ಟು ಇನ್ನೂ ಇಳಿದಿಲ್ಲೇನು? ಮುಂದಿಂದು ನೋಡೂಣ್ರಿ.”

“ಮುಂದ ಏನೈತಿ ನನಗ?” ಆಕೆ ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಈ ಸಿನಿಮಾ ಶೂಟಿಂಗಿಗೆ ಅಂತ ನಿಮ್ಮ ಮಾವನ ಪಲ್ಟನ್ನಿನವರನ್ನ ಕರಸಿದ್ರು. ಅರ್ಧ ಮಂದಿಗೆ ವೈರಿ ಅಂಗಿ ಹಾಕಿಸಿದ್ರು. ಟಾಕೀಸಿನಾಗ ಊರ ಮಂದಿ ಸೀಟಿ ಹೊಡದಾಗ ನಾನು ಬಾಯಿ ಬಿಡಲಿಲ್ಲ. ಹಿಂದಕ್ಕ ಒಯ್ದು, ನಿಮ್ಮ ಮಾವ ಬೀಳೂದಕ್ಕಿಂತ ಮೊದಲ ನಿಲ್ಲಸ್ರಿ.”