ತೆರೆದಿಟ್ಟ ಮೂಲೆ

ಸೇನೆಗೆಂದು ಮಾಡಿದ ಯಂತ್ರವನ್ನು ಗುಂಡು ಹಾರಿಸದೆ, ಕಲ್ಲು ಎಸೆಯದೆ, ಬರೀ ರಂಗೋಲಿ ಪುಡಿಯಿಂದ ನೆಲಕ್ಕಿಳಿಸಿದ ಗಂಡು ಯಾರು ಗೊತ್ತೇ? ಕುಬಿಹಾಳದ ಈರೇಶ. ಅಂದರೆ ನಾನೇ. ಶಿಳ್ಳೆ ಹೊಡೆಯುವವರು ಈಗಲೇ ಹೊಡೆಯಿರಿ, ಹೀರೋ ಎಂಟ್ರಿ ಆಗಿದೆ.

ಯಂತ್ರ ನೇತ್ರಾಳದು. ಎದುರುಮನೆಯ ರೇವವ್ವಾಯಿಯ ಮೊಮ್ಮಗಳು, ಹುಬ್ಬಳ್ಳಿಯ ಕಂಪನಿಯಲ್ಲಿ ಇಂಜಿನಿಯರ್. ವೈರಿಯ ಡ್ರೋನ್ ಕಂಡರೆ ಅದು ಯಾರನ್ನೂ ಕೇಳದೆ ಏರುತ್ತದೆ, ಬಲೆ ಬೀಸಿ ಕೆಡವುತ್ತದೆ, ಹೊಳ್ಳಿ ಬಂದು ತನ್ನ ಗುರುತಿನ ಮೇಲೆ ಇಳಿಯುತ್ತದೆ. ಬ್ಯಾಟರಿ ತುಂಬಿಸಿದರೆ ಮತ್ತೆ ಸಿದ್ಧ. ಗುರುತೆಂದರೆ ಹೊಲದಲ್ಲಿ ಹಾಸಿದ ಕರಿ ತಾಡಪತ್ರಿಯ ಮೇಲೆ ನೇತ್ರಾ ಬರೆದ ಎಂಟೆಸಳಿನ ಬಿಳಿ ಹೂವು, ಸುತ್ತ ಒಂದು ಚೌಕ. ಚೌಕದ ಒಂದು ಮೂಲೆ ತೆರೆದಿರಬೇಕು. ಯಂತ್ರ ದಿಕ್ಕು ಹಿಡಿಯುವುದು ಅದರಿಂದಲೇ.

ಅಂದು ಬೆಳಿಗ್ಗೆ ಯಂತ್ರದ ಪರೀಕ್ಷೆಗೆ ಸೇನೆಯ ಅಧಿಕಾರಿ ಬಂದಿದ್ದರು. ಪಾಸಾದರೆ ಗಡಿಗೆ, ಫೇಲಾದರೆ ಪೆಟ್ಟಿಗೆಗೆ. ಮೂರು ವರ್ಷದ ದುಡಿಮೆ. ಉಗುರು ಕಚ್ಚುತ್ತಿದ್ದ ನೇತ್ರಾ ನನ್ನತ್ತ ತಿರುಗಿದಳು.

"ಏನರ ಕಿತಾಪತಿ ಮಾಡಿದ್ರ ಕಾಲ ಮುರೀತೇನಿ ನೋಡಲೇ."

"ಹೀರೋನ ಕಾಲ ಮುರದ್ರ ಪಿಕ್ಚರ್ ಮುಂದ ಹ್ಯಾಂಗ ಹೊಕ್ಕೇತಿ?"

ಯಂತ್ರ ಏರಿತು. ಗುರಿಯ ಡ್ರೋನ್ ಬಲೆಗೆ ಸಿಕ್ಕಿ ಹತ್ತಿಹೊಲಕ್ಕೆ ಬಿತ್ತು. ಚಪ್ಪಾಳೆ. ಮರಳಿ ಬರುತ್ತಿದ್ದ ಯಂತ್ರ ಊರ ಮೇಲೆ ತಟ್ಟನೆ ನಿಂತಿತು. ತಿರುಗಿತು. ಇಳಿಯಿತು.

ಓಡಿದೆವು. ರೇವವ್ವಾಯಿಯ ಅಂಗಳದಲ್ಲಿ, ಎಂಟೆಸಳಿನ ರಂಗೋಲಿಯ ನಟ್ಟನಡುವೆ ಅದು ಕೂತಿತ್ತು. ಚೌಕವೂ ಇತ್ತು. ತೆರೆದ ಮೂಲೆಯೂ ಇತ್ತು. ನೇತ್ರಾಳ ಮುಖ ಬಿಳಿಚಿತು.

"ಗುರುತು ಕದ್ದವರು ಯಾರು?" ಅಧಿಕಾರಿ ಗುಡುಗಿದರು. "ಅಥವಾ ಇದು ನಿಮ್ಮದೇ ಎಡವಟ್ಟಾ, ಮೇಡಂ?"

"ಅಲ್ರೀ ಸಾಹೇಬ್ರ, ಅದನ್ನ..." ರೇವವ್ವಾಯಿ ಮುಂದೆ ಬಂದಳು.

ನಾನು ನಡುವೆ ನುಗ್ಗಿದೆ. "ನೀ ಸುಮ್ನಿರ ಆಯಿ, ಬೈಯೂದಿದ್ರ ಆಮ್ಯಾಲೆ ಬೈ. ನಾನ ರೀ ಸಾಹೇಬ್ರ. ಇಕಿನ್ನ ಕಾಡಸಾಕ ಬರದೇನಿ."

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಎತ್ತಿನ ಕೋಡಿಗೆ ಹೆಲ್ಮೆಟ್ ತೊಡಿಸಿದವನು ನಾನು, ಏನು ಮಾಡಿದೆನೆಂದರೂ ನಂಬುತ್ತಾರೆ. ಶಾಲೆಯಲ್ಲಿ ನಾನು ಮಾವಿನಕಾಯಿ ಬರೆದಾಗ "ಬಟಾಟಿ ಚಲೋ ಬಂದೈತಿ" ಎಂದಿದ್ದ ಮಾಸ್ತರು ಮಾತ್ರ ಹುಬ್ಬೇರಿಸಿದರು.

"ನಾಚಿಕಿ ಇಲ್ಲೇನಲೇ ನಿನಗ?" ಎಂದಳು ನೇತ್ರಾ. ಕಣ್ಣು ಮಾತ್ರ ಅಜ್ಜಿಯ ಮೇಲಿತ್ತು.

ಕಳ್ಳ ಸಿಕ್ಕಿದ್ದರಿಂದ ಅಧಿಕಾರಿ ಇನ್ನೊಂದು ಅವಕಾಶ ಕೊಟ್ಟರು: ಗುರುತು ಬದಲಿಸಿ, ಮಧ್ಯಾಹ್ನ ಮತ್ತೆ ಹಾರಿಸಿ. ನನಗೆ ಠಾಣೆಯ ಬೆಂಚು.

ಸಂಜೆ ರೇವವ್ವಾಯಿ ಬುತ್ತಿ ತಂದಳು. ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಂದೂ ಬೈಗುಳವಿಲ್ಲ. "ಪಾಸಾತಪಾ," ಎಂದು ನನ್ನ ತಲೆ ಸವರಿದಳು. ಬೆರಳ ಸಂದಿಯಲ್ಲಿ ಇನ್ನೂ ಬಿಳಿ ಪುಡಿ ಇತ್ತು.

ಸಾಕು, ನಿಮ್ಮೆದುರು ಇನ್ನು ಡೈಲಾಗ್ ಬೇಡ. ನಾನು ಹಾಸಿಗೆ ಬಿಡುವ ಮೊದಲೇ ಅಂಗಳದಲ್ಲಿ ಆ ಹೂವು ಅರಳಿತ್ತು, ಮೊಮ್ಮಗಳ ಪರೀಕ್ಷೆಯ ದಿನವೆಂದು ಎಂದಿಗಿಂತ ದೊಡ್ಡದಾಗಿ. ರೇವವ್ವಾಯಿ ನಲವತ್ತು ವರ್ಷಗಳಿಂದ ದಿನಾ ಹಾಕುವುದು ಅದನ್ನೇ, ಲಕ್ಷ್ಮಿ ಒಳಗೆ ಬರಲೆಂದು ಒಂದು ಮೂಲೆ ತೆರೆದಿಟ್ಟು. ನೇತ್ರಾ ಅಜ್ಜಿಯ ಕೈಹಿಡಿದು ಕಲಿತದ್ದೂ ಅದನ್ನೇ, ಯಂತ್ರಕ್ಕೆ ಹಿಂದುಮುಂದು ನೋಡದೆ ಬರೆದುಕೊಟ್ಟದ್ದೂ ಅದನ್ನೇ.