ಬೆಟ್ಟಮ್ಮ, ಮಲ್ಲಿಪಟ್ಟಣ

“ಬೆಟ್ಟಮ್ಮ ಅನ್ನೋಳು ಭೂಮಿ ಮೇಲೇ ಇಲ್ಲ ಕಣ್ಲಾ. ಆ ಬೆಟ್ಟಮ್ಮ ನೀನೇ!”

ಜೆರಾಕ್ಸ್ ಅಂಗಡಿಯ ವಿಶ್ವಾಸ್ ಐದು ಕಾರ್ಡುಗಳನ್ನು ಇಸ್ಪೀಟಿನ ಎಲೆಗಳಂತೆ ಗಾಜಿನ ಮೇಲೆ ಬಡಿದ. ಸುತ್ತ ನಿಂತಿದ್ದವರೆಲ್ಲ ಪಾಲಾಕ್ಷನ ಮುಖ ನೋಡಿದರು.

ಅದು ೨೦೦೪. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂರಿನ ಹಾಕಿ ತಂಡಗಳು ಪ್ರತಿ ಭಾನುವಾರ ಹಾಸನದಲ್ಲಿ ಆಡುತ್ತಿದ್ದವು. ಪೇಪರಿನವರು ಕ್ರಿಕೆಟ್ ಆಟಗಾರನ ಹೊಸ ಕ್ರಾಪಿಗೆ ಅರ್ಧ ಪುಟ ಕೊಡುತ್ತಿದ್ದರು. ಇವರಿಗೆ ಮೂಲೆಯಲ್ಲಿ ಒಂದೇ ಸಾಲು: ‘ಹಾಸನಕ್ಕೆ ಜಯ.’ ಗೋಲು ಹೊಡೆದವನ ಹೆಸರೂ ಇಲ್ಲ.

ಬಿ.ಕಾಂ. ಓದುತ್ತಿದ್ದ ಪಾಲಾಕ್ಷನಿಗೆ ಹಾಕಿಯೆಂದರೆ ಜೀವ. ಆ ಒಂದು ಸಾಲು ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ಸಂಪಾದಕರಿಗೆ ಹನ್ನೊಂದು ಪತ್ರ ಬರೆದ. ಒಂದೂ ಅಚ್ಚಾಗಲಿಲ್ಲ. ‘ನೀವು ಹಾಕ್ಬೇಡಿ, ನಾನೇ ಹಾಕ್ತೀನಿ’ ಎಂದು ವಿಶ್ವಾಸನ ಅಂಗಡಿ ಮುಂದಿನ ಕರಿಹಲಗೆಯನ್ನು ಕಾಡಿಬೇಡಿ ಇಸಿದುಕೊಂಡ. ಗೋಲು ಹೊಡೆದವರ, ತಡೆದವರ ಹೆಸರನ್ನೆಲ್ಲ ದಪ್ಪಕ್ಷರದಲ್ಲಿ ಬರೆದ. ಜನ ನಿಂತು ಓದತೊಡಗಿದರು.

ಆಮೇಲೆ ಶುರುವಾದದ್ದೇ ‘ಕನಸಿನ ತಂಡ’. ನಾಲ್ಕೂ ತಂಡಗಳಿಂದ ಬೇಕಾದ ಐವರನ್ನು ಆರಿಸಿ ಕಾರ್ಡಿನಲ್ಲಿ ಬರೆಯಬೇಕು. ಭಾನುವಾರ ಎರಡು ಗಂಟೆಯೊಳಗೆ ಅಂಗಡಿ ಮುಂದಿನ ಡಬ್ಬಕ್ಕೆ ಹಾಕಬೇಕು. ನಾಲ್ಕಕ್ಕೆ ಆಟ. ನಿಮ್ಮವರು ಚೆನ್ನಾಗಿ ಆಡಿದರೆ ಅಂಕ ನಿಮ್ಮದು. ಗೆದ್ದವರ ಹೆಸರು ಹಲಗೆಯ ನೆತ್ತಿಯ ಮೇಲೆ.

ಐದು ವಾರದಿಂದ ನೆತ್ತಿಯ ಮೇಲೆ ಒಂದೇ ಹೆಸರು: ಬೆಟ್ಟಮ್ಮ, ಮಲ್ಲಿಪಟ್ಟಣ.

“ನಿನ್ನೆ ಎಲ್ರೂ ಚನ್ನರಾಯಪಟ್ಟಣದ ಮನೋಹರನ್ನ ಹಾಕ್ಕೊಂಡಿದ್ವಿ,” ಎಂದ ವಿಶ್ವಾಸ್. “ಇವಳೊಬ್ಬಳು ಬಿಟ್ಟಿದ್ಲು. ಇಪ್ಪತ್ತೇ ನಿಮಿಷಕ್ಕೆ ಅವನು ಜ್ವರ ಅಂತ ಆಚೆ ಬಂದ. ಕೋಚ್‌ಗೇ ಗೊತ್ತಿಲ್ಲದ ಜ್ವರ ಇವಳಿಗೆ ಹೆಂಗೆ ಗೊತ್ತಾಯ್ತು? ಡಬ್ಬದ ಬೀಗದ ಕೈ ಇರೋದು ನಿನ್ನ ಹತ್ರ. ಆಟ ಮುಗಿದ ಮೇಲೆ ಕಾರ್ಡು ತೂರಿಸ್ತೀಯ!”

“ನಾನು ತೂರಿಸಿಲ್ಲ.”

“ನಾನೇ ಕಾವಲು ಕೂತಿದ್ದೆ. ಹೊಸಬರು ಒಬ್ರೂ ಬರಲಿಲ್ಲ. ನಮ್ಮ ಹುಡುಗರು, ಆಟೋದವರು, ಪಕ್ಕದಂಗಡಿಗೆ ಎಲೆಅಡಿಕೆ ಅಂತ ಬಂದ ಮೆಸ್ಸಿನ ಅಜ್ಜಿ, ಅಷ್ಟೇ. ಅಕ್ಷರ ನೋಡ್ರೋ, ಸೊಟ್ಟಸೊಟ್ಟ. ಎಡಗೈಲಿ ಬರೆದವ್ನೆ. ಮೇಲೆ ಎಣ್ಣೆ ಕಲೆ ಬೇರೆ. ಬಜ್ಜಿ ತಿಂದ ಕೈ ಆದ್ರೂ ತೊಳ್ಕೊಳಯ್ಯ!”

ಎಲ್ಲರೂ ನಕ್ಕರು. ಪಾಲಾಕ್ಷ ನಗಲಿಲ್ಲ.

“ಬೆಟ್ಟಮ್ಮ ಇದ್ದಾಳೆ,” ಎಂದ.

“ಹಂಗಾದ್ರೆ ಬರೋ ಭಾನುವಾರ ಎರಡು ಗಂಟೆಗೆ ಅವಳು ಈ ಬೋರ್ಡ್ ಮುಂದೆ ನಿಂತಿರಬೇಕು. ಇಲ್ಲದಿದ್ರೆ ಅಳಿಸಿ ಕ್ರಿಕೆಟ್ ಸ್ಕೋರ್ ಬರೀತೀನಿ.”

“ನಿಲ್ತಾಳೆ. ಬರೆದಿಟ್ಕೊ.”

ಹೇಳಿದ್ದೇನೋ ಹೇಳಿದ. ಆದರೆ ಬೆಟ್ಟಮ್ಮನನ್ನು ಅವನೂ ಕಂಡಿರಲಿಲ್ಲ. ಶುಕ್ರವಾರ ಕಾಲೇಜಿಗೆ ಚಕ್ಕರ್ ಹೊಡೆದು ಮಲ್ಲಿಪಟ್ಟಣದ ಬಸ್ಸು ಹತ್ತಿದ.

“ಬೆಟ್ಟಮ್ಮನಾ?” ಟೀ ಅಂಗಡಿಯ ಕೆಂಚಯ್ಯ ಬೆರಳು ಮಡಿಚಿದ. “ಆರು ಜನ ಅವ್ರೆ. ಇನ್ನೊಬ್ಳು ಊರು ಬುಟ್ಟು ಬಾಳ ವರ್ಸ ಆಯ್ತು. ಆಕಿ ಆಟ ಅಂದ್ರಾ? ಅದ್ಯಾವ ಆಟ ಸಾ?”

ಆರು ಮನೆಯ ಬಾಗಿಲನ್ನೂ ತಟ್ಟಿದ. ಒಬ್ಬಳು ಮಜ್ಜಿಗೆ ಕೊಟ್ಟಳು. ಒಬ್ಬಳು ನಾಯಿ ಬಿಟ್ಟಳು. ಹಾಕಿಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಕ್ರೀಡಾಂಗಣದ ಹಿಂದಿನ ಮೆಸ್ಸಿನಲ್ಲಿ ನಾಲ್ಕೂ ತಂಡದವರು ಉಣ್ಣಲು ಕೂತಿದ್ದರು. ಪಾಲಾಕ್ಷನೂ ಎಂದಿನಂತೆ ಕೊನೆಯಲ್ಲಿ ಕೂತ. ಬಡಿಸುತ್ತಿದ್ದ ಅಜ್ಜಿ ಸಾಲಿನುದ್ದಕ್ಕೂ ಬೈಯುತ್ತ ಬಂದಳು.

“ಏ ಮನೋರ, ಓದ ಭಾನ್ವಾರ ಅರ್ಧ ಮುದ್ದೆ ಬುಟ್ಟು ಎದ್ದೋದೆ. ಇವತ್ತು ಬುಟ್ರೆ ನೋಡು!” ಪಾಲಾಕ್ಷನ ತಟ್ಟೆಯ ಹತ್ತಿರ ಸೌಟು ನಿಂತಿತು. “ನಿಂಗೇನಾಯ್ತ್ಲಾ? ಮಕ ಸುಟ್ಟ ಬದ್ನೆಕಾಯಿ ಆಗೈತೆ.”

ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. “ಬೋರ್ಡು ಹೋಗುತ್ತೆ ಅಜ್ಜಿ. ಈ ಹುಡುಗರು ಪ್ರಾಣ ಬಿಟ್ಟು ಆಡ್ತಾರೆ. ಪೇಪರಿನವರಿಗೆ ಒಂದು ಹೆಸರು ಹಾಕೋಕೆ ಏನು ರೋಗ? ಎದುರಿಗಿರೋ ಮನುಷ್ಯನ ಹೆಸರು ಕೇಳೋವಷ್ಟೂ ಪುರುಸೊತ್ತಿಲ್ವಾ ಇವರಿಗೆ?”

“ಅದೇ ಕಣಪ್ಪ ನಾನೂ ಯೋಳಾದು,” ಎಂದಳು ಅಜ್ಜಿ. ಇನ್ನೊಂದು ಸೌಟು ಸಾರು ಸುರಿದಳು. “ಉಣ್ಣು. ಬತ್ತಾಳೆ ಬುಡು.”

ಎರಡಕ್ಕೆ ಐದು ನಿಮಿಷ. ಅಂಗಡಿ ಮುಂದೆ ಜಾತ್ರೆಯಷ್ಟು ಜನ. ವಿಶ್ವಾಸ್ ಒದ್ದೆ ಬಟ್ಟೆ ಹಿಂಡಿದ.

“ಎಲ್ಲೋ ನಿನ್ನ ಬೆಟ್ಟಮ್ಮ?”

ಪಾಲಾಕ್ಷ ಹಲಗೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತ. “ಇಪ್ಪತ್ತೆಂಟು ಆಟಗಾರರ ಹೆಸರಿದೆ ಇಲ್ಲಿ. ಅಳಿಸೋದಾದ್ರೆ ಮೊದ್ಲು ನನ್ನ ಅಳಿಸು.”

“ಜರುಗ್ರಪ್ಪ, ಜರುಗ್ರಿ.”

ಮೆಸ್ಸಿನ ಅಜ್ಜಿ ಸೆರಗಿಗೆ ಕೈ ಒರೆಸುತ್ತ ಗುಂಪಿನ ನಡುವೆ ನುಗ್ಗಿ ಬಂದಳು.

“ಎಲೆಅಡಿಕೆ ಅಂಗಡಿ ಪಕ್ಕದ್ದು ಅಜ್ಜಿ,” ಎಂದ ವಿಶ್ವಾಸ್.

ಅಜ್ಜಿ ಸೊಂಟದಿಂದ ಒಂದು ಕಾರ್ಡು ತೆಗೆದು ಎಲ್ಲರ ಕಣ್ಣೆದುರಿಗೇ ಡಬ್ಬಕ್ಕೆ ಹಾಕಿದಳು. ಪಾಲಾಕ್ಷನ ಜೇಬಿನ ಸೀಮೆಸುಣ್ಣ ಕಿತ್ತುಕೊಂಡಳು. ಅವನನ್ನು ಪಕ್ಕಕ್ಕೆ ಸರಿಸಿ, ರಾತ್ರಿಶಾಲೆಯಲ್ಲಿ ಕಲಿತ ಸೊಟ್ಟಸೊಟ್ಟ ಅಕ್ಷರದಲ್ಲಿ, ಬಲಗೈಯಲ್ಲೇ, ನಿಧಾನವಾಗಿ ತನ್ನ ಹೆಸರು ಬರೆದಳು. ಮುಂದೆ ತನ್ನ ಊರನ್ನೂ ಬರೆದಳು.

“ಎಂಟು ವರ್ಸದಿಂದ ನನ್ ಕೈಲಿ ಉಣ್ತಿದ್ದೀರಿ,” ಎಂದು ಪಾಲಾಕ್ಷನ ಕಡೆ ತಿರುಗಿದಳು ಬೆಟ್ಟಮ್ಮ. “ನಿನ್ ಎಸ್ರೇನಜ್ಜಿ ಅಂತ ಒಬ್ನಾದ್ರೂ ಕೇಳಿದ್ರೇನ್ಲಾ?”