ಆನೆ ಲಾಯದಲ್ಲಿ ಬಸ್ ಸ್ಟಾಪು

ಮಂಗಳವಾರ ದೆಹಿವಲದ ಬಸ್ ಸ್ಟಾಪು ಮೃಗಾಲಯದ ಆನೆ ಲಾಯದೊಳಗೆ ಹೋಗಿ ಕೂತಿತು. ಬುಧವಾರ ರತ್ಮಲಾನದ ಸ್ಟಾಪು ವಿಮಾನ ಇಳಿಯುವ ಹಾದಿಯ ನಟ್ಟನಡುವೆ ಕಂಡಿತು. ಇದು ಕೈತಪ್ಪಲ್ಲ, ಯಾರೋ ಬೇಕೆಂದೇ ಮಾಡುತ್ತಿದ್ದಾರೆ ಎಂದು ನದೀಶಾಳಿಗೆ ಖಾತ್ರಿಯಾಯಿತು.

ಸ್ಟಾಪುಗಳು ಓಡಾಡುತ್ತಿದ್ದುದು ನೆಲದ ಮೇಲಲ್ಲ, ಆ್ಯಪಿನಲ್ಲಿ. ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವ ಆ್ಯಪು. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಕೋಡ್ ಬಿಚ್ಚಿ ನೋಡಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಮೊರಟುವದ ಕಾಲೇಜಿನ ಹಿಂಬದಿಯ ಕೋಣೆಯೊಂದು ಅದರ ಮನೆ. ಹೊಸ ವಿದ್ಯಾರ್ಥಿಗಳಿಗೆ ಕೈಹಿಡಿದು ಕಲಿಸುವುದು ನದೀಶಾಳ ಪಾಲಿನ ಕೆಲಸ. ಶುಕ್ರವಾರ ಮಧ್ಯಾಹ್ನದೊಳಗೆ ಯಾರ ಒಂದು ತಿದ್ದುಪಡಿಗಾದರೂ ಅವಳ ಒಪ್ಪಿಗೆ ಬೀಳುತ್ತದೋ ಅವರಷ್ಟೇ ರಜೆಯ ತರಬೇತಿಗೆ ಅರ್ಜಿ ಹಾಕಬಹುದಿತ್ತು.

ಎಲ್ಲರದೂ ಆಗಿತ್ತು, ಬಿಮಾಲಿಯದೊಂದು ಬಿಟ್ಟು.

ಬಿಮಾಲಿ ಏನನ್ನೇ ಆದರೂ ಎರಡು ಸಲ ಓದುವವಳು. ಕ್ಯಾಂಟೀನಿನ ತಿಂಡಿ ಹಲಗೆಯನ್ನೂ. ಅವಳು ಎರಡನೆಯ ಸಲ ಓದಿ ಮುಗಿಸುವಷ್ಟರಲ್ಲಿ ಚುರುಕು ಹುಡುಗರು ತಪ್ಪನ್ನು ತಿದ್ದಿ, ಕೈ ಒರೆಸಿಕೊಂಡು, ಮೀನಿನ ಬನ್ನು ತಿನ್ನುತ್ತಿರುತ್ತಿದ್ದರು.

ತಪ್ಪು ಹಾಕಿದವರ ಹೆಸರಿನ ಜಾಗದಲ್ಲಿ ‘ಪೊರಕೆ’ ಎಂದಿತ್ತು. ಪೊರಕೆ ಎಂದರೆ ಆ್ಯಪಿನ ಕಸ ಗುಡಿಸುವ ಪುಟ್ಟ ಪ್ರೋಗ್ರಾಂ. ಅದರ ಪಾಸ್‌ವರ್ಡನ್ನು ಕೋಣೆಯ ಹಿರಿಯರಾದ ಲಯನಲ್ ಮಾಮ ಮರೆತುಹೋಗುತ್ತದೆಂದು ಗೋಡೆಗೇ ಅಂಟಿಸಿದ್ದರು. ಹಾಗಾಗಿ ಕೋಣೆಗೆ ಬಂದವರೆಲ್ಲ ಕಳ್ಳರೇ.

ಆದರೆ ಆನೆ ಲಾಯವೂ ವಿಮಾನದ ಹಾದಿಯೂ ಒಂದೇ ಬಸ್ಸಿನ ದಾರಿಯವು. ಆ ಬಸ್ಸಲ್ಲಿ ಬರುತ್ತಿದ್ದವಳು ಬಿಮಾಲಿ ಒಬ್ಬಳೇ.

“ತಂಗಿ, ಆ ಆನೆ ವಿಷಯ ನಿಂಗೆ ಗೊತ್ತಿತ್ತಾ?” ಎಂದು ನದೀಶಾ ಗುರುವಾರ ಕೇಳಿದಳು.

“ಗೊತ್ತಿತ್ತಕ್ಕಾ. ಎಲ್ಲರಿಗಿಂತ ಮುಂಚೆ ನಾನೇ ನೋಡಿದ್ದು.”

“ಮತ್ತೆ ಬಾಯಿ ಬಿಡಲಿಲ್ಲ?”

“ಇನ್ನೊಂದ್ಸಲ ನೋಡಿ ಹೇಳೋಣ ಅಂತಿದ್ದೆ.”

ಕಳ್ಳತನ ಮಾಡಿದವರು ಆಡುವ ಮಾತೇ ಅದು. ನದೀಶಾ ನೇರ ಲಯನಲ್ ಮಾಮನ ಬಳಿ ಹೋದಳು. ಆ್ಯಪನ್ನು ಶುರು ಮಾಡಿದವರು ಅವರು. ನಿವೃತ್ತ ಮೇಷ್ಟರು. ದಿನವಿಡೀ ಕಿಟಕಿಯ ಪಕ್ಕ ಬೆಲ್ಲ ಕಚ್ಚಿಕೊಂಡು ಕಪ್ಪು ಟೀ ಕುಡಿಯುತ್ತಾರೆ. ಹೊಸಬರು ಬಂದ ದಿನ ಹೆಸರು ಕೇಳಲೂ ಮರೆತು, “ಯಾವ ಬಸ್ಸಲ್ಲಿ ಬರ್ತೀರಿ? ಮನೆ ಎಲ್ಲಿ?” ಎಂದು ವಿಚಾರಿಸುತ್ತಾರೆ. ಬೇರೆ ಕೆಲಸವನ್ನು ಅವರು ಮಾಡಿದ್ದನ್ನು ಯಾರೂ ಕಂಡಿಲ್ಲ.

“ಅವಳನ್ನ ಕಳಿಸಿಬಿಡೋಣ ಮಾಮ. ತಾನೇ ತಪ್ಪು ಹಾಕಿ ತಾನೇ ತಿದ್ದಿ ಹೆಸರು ಮಾಡ್ಕೊಳ್ಳೋ ಹಂಚಿಕೆ.”

“ಆದ್ರೆ ತಿದ್ದೇ ಇಲ್ವಲ್ಲ ಮಗಳೇ, ಪಾಪ.”

“ಕಳ್ಳತನದಲ್ಲೂ ನಿಧಾನ. ನಾನೂ ಮೊದಲ ವರ್ಷದಲ್ಲೇ ಬಂದವಳು, ಮಾಮ. ಆ್ಯಪಲ್ಲಿ ನಮ್ಮ ಹಿಕ್ಕಡುವದ ಗಾಲೆ ಬಸ್ಸು ಕಡಲೊಳಗೆ ಇಳಿದು ನಿಂತಿತ್ತು. ನೋಡಿದೆ, ತಿದ್ದಿದೆ. ಹಂಚಿಕೆ ಮಾಡಿದ್ನಾ?”

ಮಾಮನಿಗೆ ಟೀ ನೆತ್ತಿಗೇರಿತು. ಈ ಕಥೆ ಬಂದಾಗಲೆಲ್ಲ ಅವರಿಗೆ ಹಾಗೇ ಆಗುತ್ತಿತ್ತು. ನದೀಶಾ ಬೆನ್ನು ಸವರಿ ನೀರು ಕೊಟ್ಟಳು. ಪ್ರತಿ ಹೊಸ ತಂಡಕ್ಕೂ ಅವಳು ಆ ಕಥೆ ಹೇಳುತ್ತಿದ್ದಳು. ಅವಳು ತಿದ್ದಿ ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ, ಅಷ್ಟರಲ್ಲೇ ಮಾಮ ಕೇಕು ತಂದಿದ್ದರು. ನೀಲಿ ಕ್ರೀಮಿನ ಕಡಲು, ಅದರೊಳಗೆ ಮುಳುಗಿದ ಕೆಂಪು ಬಸ್ಸು. ಅಷ್ಟು ಚುರುಕಾಗಿ ತನ್ನನ್ನು ಮೆಚ್ಚಿದವರು ಹುಟ್ಟಿದಾಗಿನಿಂದ ಯಾರೂ ಇರಲಿಲ್ಲ ಎನ್ನುತ್ತಿದ್ದಳು.

“ನಾಳೆವರೆಗೆ ತಡಿ,” ಎಂದರು ಮಾಮ, ಕಣ್ಣೊರೆಸಿಕೊಂಡು.

ಶುಕ್ರವಾರ ಬೆಳಿಗ್ಗೆ ಮಾಮ ಚುರುಕು ಹುಡುಗರನ್ನೆಲ್ಲ ಮೀನಿನ ಬನ್ನು ತರಲು ಕಳಿಸಿದರು. ಕ್ಯಾಂಟೀನಿಗಲ್ಲ, ಪಾನದುರಕ್ಕೆ. ಅಲ್ಲಿಯ ಬನ್ನಿನ ರುಚಿಯೇ ಬೇರೆ ಎಂದರು.

ಬಿಮಾಲಿ ಏದುಸಿರು ಬಿಡುತ್ತ ಬಂದಳು.

“ಅಕ್ಕಾ, ನಾನು ಉಳ್ಕೊಂಡಿರೋ ಅತ್ತೆ ಮನೆ ಅಡುಗೆಮನೇಲಿ ನಾಲ್ಕು ಜನ ಬಸ್ಸಿಗೆ ಕಾಯ್ತಿದ್ದಾರೆ.”

“ಏನಂದೆ?”

“ಸ್ಟಾಪು ಅಲ್ಲೇ ಅಂತ ತೋರಿಸ್ತಿದೆಯಂತೆ. ಅತ್ತೆ ಟೀ ಕೊಟ್ಟು ಕೂರಿಸಿದ್ದಾರೆ. ಒಬ್ಬರು ತೆಂಗಿನಕಾಯಿ ತುರಿದು ಕೊಡ್ತಿದ್ದಾರೆ. ಅವರು ಕೊಲುಪಿಟಿಯಕ್ಕೆ ಹೋಗಬೇಕಂತೆ.”

ನದೀಶಾಳ ಸಂಶಯ ಗಟ್ಟಿಯಾಯಿತು. ಅತ್ತೆ ಮನೆಯ ವಿಳಾಸ ಇನ್ಯಾರಿಗೆ ಗೊತ್ತು? ಬಿಮಾಲಿ ಕೂತಳು. ಒಂದು ಸಲ ಓದಿದಳು. ಎರಡನೆಯ ಸಲವೂ ಓದಿದಳು. ಅಡ್ಡ ಬರುವವರು ಯಾರೂ ಇರಲಿಲ್ಲ. ಸ್ಟಾಪಿನ ಜಾಗ ಹೇಳುವ ಎರಡು ಅಂಕಿ ಅದಲುಬದಲಾಗಿದ್ದವು, ಸರಿಮಾಡಿ ಕಳಿಸಿ, ನಿಜವಾದ ಜಾಗವನ್ನು ಅತ್ತೆಗೂ ತಿಳಿಸಿದಳು. ಅತ್ತೆ ಫೋನು ಮಾಡಿ, ಮೂವರು ಎದ್ದು ಹೋದರು, ಕಾಯಿ ತುರಿಯುತ್ತಿದ್ದವರು ಊಟ ಮಾಡಿಕೊಂಡೇ ಹೋಗುತ್ತಾರಂತೆ ಎಂದರು.

ಒಪ್ಪಿಗೆಯ ಗುಂಡಿ ನದೀಶಾಳ ಬೆರಳ ಕೆಳಗಿತ್ತು. ಒತ್ತಲಿಲ್ಲ. “ತಂಗಿ, ನಿಜ ಹೇಳು,” ಎಂದು ಶುರು ಮಾಡಿದಳು.

ಅಷ್ಟರಲ್ಲಿ ಲಯನಲ್ ಮಾಮ ಬೀರು ತೆರೆದು ಕೇಕು ತಂದಿಟ್ಟರು. ಹಸಿರು ಕ್ರೀಮಿನ ಅಡುಗೆಮನೆ, ಒಲೆಯ ಪಕ್ಕ ಕೆಂಪು ಬಸ್ಸು.

ಬಿಮಾಲಿ ಪೆಟ್ಟಿಗೆಯ ಮೇಲಿನ ಅಂಗಡಿ ಹೆಸರನ್ನು ಎರಡು ಸಲ ಓದಿದಳು.

“ಈ ಅಂಗಡಿಗೆ ಎರಡು ದಿನ ಮುಂಚೇನೇ ಹೇಳಬೇಕಲ್ವಾ ಮಾಮ? ಅತ್ತೆ ಹುಟ್ಟುಹಬ್ಬಕ್ಕೆ ನಾವು ಎಷ್ಟು ಬೇಡಿದ್ರೂ ಅವತ್ತಿಗವತ್ತೇ ಮಾಡಿಕೊಡಲಿಲ್ಲ.”

ಮಾಮ ಕಿಟಕಿಯಾಚೆ ನೋಡುತ್ತ ಬೆಲ್ಲ ಕಚ್ಚಿದರು.

ನದೀಶಾ ಕೇಕನ್ನು ನೋಡಿದಳು. ಒಪ್ಪಿಗೆಯ ಗುಂಡಿ ಒತ್ತಿದಳು. ಚಾಕು ತೆಗೆದುಕೊಂಡು ಬಿಮಾಲಿಗೆ ಒಲೆಯಿರುವ ದೊಡ್ಡ ತುಂಡು ಕತ್ತರಿಸಿ ಕೊಟ್ಟಳು. ಆಮೇಲೆ ಚಾಕು ಕೆಳಗಿಟ್ಟು ಬಹಳ ಮೆಲ್ಲಗೆ ಕೇಳಿದಳು:

“ಮಾಮ, ನನ್ನ ಬಸ್ಸನ್ನ ಕಡಲಿಗೆ ಇಳಿಸಿದ್ದು ಯಾರು?”